ದಂತದ ಕೂಸಿಗೆ ಎರೆದ ನೀರು

ಡನೀಡಿನ್
21 ಜುಲೈ 2014

ನೀಲಾ ಕಾಕು,

ದೂರದಿಂದಲೇ ನಿಮ್ಮ ಕಾಲಿಗೆ ಬಿದ್ದೆ ಎಂದುಕೊಳ್ಳಿ. ಫೋನಿನಲ್ಲಿ ನಿಮ್ಮ ಕಿವಿಯ ಯಂತ್ರ ಬರೀ ಕುಂಯ್ ಅನ್ನುತ್ತದೆ. ನಾನು ಹೇಳಿದ್ದನ್ನೆಲ್ಲ ನಿಮ್ಮ ಮಗ ಬಸಣ್ಣ ಕಿರುಚಿ ನಿಮಗೆ ದಾಟಿಸುವಷ್ಟರಲ್ಲಿ ಮಾತಿನ ರುಚಿಯೇ ಹೋಗಿರುತ್ತದೆ. ಅದಕ್ಕೇ ಈ ಕಾಗದ. ಧಾರವಾಡದಲ್ಲಿ ನಮ್ಮ ಮನೆಗೂ ನಿಮ್ಮ ಮನೆಗೂ ನಡುವೆ ಇದ್ದದ್ದು ಒಂದು ಮೋಟು ಗೋಡೆ, ಇಲ್ಲಿ ಒಂದೇ ದೇಶದಲ್ಲಿದ್ದೂ ಮೂರು ದಿನದ ಅಂಚೆ. ಸೊಸೆ ಸ್ನೇಹಲ್‌ಳ ಬಾಣಂತನಕ್ಕೆಂದು ನೀವು ಸಮುದ್ರ ದಾಟಿ ಬಂದು ಎರಡು ತಿಂಗಳಾಯಿತು, ನಾನಿನ್ನೂ ಕೂಸಿನ ಮುಖ ನೋಡಿಲ್ಲ. ನಾಚಿಕೆಯಾಗುತ್ತದೆ.

ನಮ್ಮ ಓಣಿಯ ಅರ್ಧಕ್ಕರ್ಧ ಕೂಸುಗಳಿಗೆ ಎರೆದ ಕೈ ನಿಮ್ಮದು. ಈಗ ಸ್ವಂತ ಮೊಮ್ಮಗಳಿಗೆ ಎರೆಯುವುದೆಂದರೆ ಹೇಗಿರುತ್ತದೆ? ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕುವುದನ್ನು ಸ್ನೇಹಲ್ ಕಡೆಯಿಂದ ಒಂದು ಫೋಟೋ ತೆಗೆಸಿ ಕಳಿಸಿ.

ಈಗ ನನ್ನ ಸುದ್ದಿ. ಅಲ್ಲೇ ನಿಮ್ಮ ಹೆಂಡರ್ಸನ್ನಿನ ಒಂದು ಸಣ್ಣ ಚರ್ಚಿನ ಕಪಾಟಿನಲ್ಲಿ ಅಂಗೈ ಅಗಲದ ದಂತದ ಹಲಗೆಯೊಂದು ಇದೆ. ಅದರ ಮೇಲೆ ತಾಯಿ, ತೊಡೆಯ ಮೇಲೆ ಕೂಸು. ನೂರು ವರ್ಷದ ಹಿಂದೆ ದಾಲ್ಮೇಷಿಯಾ ಸೀಮೆಯಿಂದ ದ್ರಾಕ್ಷಿ ಬೆಳೆಯಲು ಇಲ್ಲಿಗೆ ಬಂದ ಮನೆತನದವರು ಗಂಟಿನಲ್ಲಿ ಕಟ್ಟಿ ತಂದದ್ದಂತೆ. ಆ ಮನೆತನದ ಯೆಲೆನಾ ಎಂಬ ಅಜ್ಜಿಯೇ ಈಗ ಕಪಾಟಿನ ಕೀಲಿ ಇಟ್ಟುಕೊಂಡವರು. ಹಿಂದಿನ ಕಾಲದಲ್ಲಿ ಪೂಜೆಯ ನಡುವೆ ಪಾದ್ರಿ ಇಂಥ ಹಲಗೆಗೆ ಮುತ್ತು ಕೊಟ್ಟು ಜನರತ್ತ ದಾಟಿಸುತ್ತಿದ್ದರು. ಒಬ್ಬೊಬ್ಬರೂ ಮುತ್ತು ಕೊಟ್ಟು, ‘ನಿನಗೆ ಶಾಂತಿ’ ಎಂದು ಪಕ್ಕದವರ ಕೈಗೆ ಕೊಡುವುದು. ಹಾಗೆ ಸವೆದು ಸವೆದು ಆ ಕೂಸಿಗೆ ಮೂಗೇ ಉಳಿದಿಲ್ಲ ಕಾಕು!

ಜನವರಿಯಲ್ಲಿ ನಾನು ಬಂದು ಫೋಟೋ ತೆಗೆದಾಗ ತಾಯಿಯ ತುಟಿಯ ಸಂದಿಯಲ್ಲಿ ಸಾಸಿವೆಯಷ್ಟು ಕೆಂಪು ಕಂಡಿತು, ಸೆರಗಿನ ಮಡಿಕೆಯಲ್ಲಿ ಒಂದು ಗೆರೆ ನೀಲಿ. ಪರೀಕ್ಷೆಯಲ್ಲಿ ಆ ಬಣ್ಣ ಹಳೆಯದೆಂದು ಗೊತ್ತಾದರೆ ಹಲಗೆಗೆ ಆರುನೂರು ವರ್ಷ. ಇಲ್ಲವಾದರೆ ಅದು ನೂರು ನೂರೈವತ್ತು ವರ್ಷದ ಹಿಂದಿನ ನಕಲು. ಮ್ಯೂಸಿಯಂನಲ್ಲಿ ಹಳೆಯ ವಸ್ತುಗಳನ್ನು ಕಾಪಾಡುವ ನನ್ನ ಈ ಕೆಲಸ ಡಿಸೆಂಬರಿಗೆ ಮುಗಿಯುತ್ತದೆ. ಇದೊಂದು ಗೆದ್ದರೆ ಕಾಯಂ ಮಾಡುತ್ತೇವೆ ಎಂದಿದ್ದಾರೆ.

ಹಲಗೆಯನ್ನು ಪರೀಕ್ಷೆಗೆಂದು ನಮ್ಮ ಮ್ಯೂಸಿಯಂಗೆ ಕಳಿಸುವ ಪ್ಯಾಕಿಂಗ್ ಕೆಲಸವನ್ನು ಈಸ್ಟ್ ತಮಾಕಿಯ ಕಂಪನಿಗೇ ಕೊಡಿ, ಅಲ್ಲಿ ನಮ್ಮ ಅಣ್ಣನಂಥವನು ಒಬ್ಬನಿದ್ದಾನೆ ಎಂದು ಚರ್ಚಿನವರಿಗೆ ಹೇಳಿದವಳು ನಾನೇ. ಶುಕ್ರವಾರ ಬಸಣ್ಣನೇ ಅದನ್ನು ಏರ್‌ಪೋರ್ಟಿಗೆ ಒಯ್ಯುತ್ತಾನೆ. ಬೇರೆಯವರಾಗಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ನಿಮ್ಮ
ಸಂಯುಕ್ತಾ


ಹೆಂಡರ್ಸನ್
28 ಜುಲೈ 2014

ಚಿರಂಜೀವಿ ಸಂಯುಕ್ತಾಳಿಗೆ ನೀಲಗಂಗಾ ಮಾಡುವ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ನಾಲ್ಕನೆಯ ಇಯತ್ತೆಯಲ್ಲಿ ನಿನ್ನ ಕೈ ಹಿಡಿದು ತಿದ್ದಿಸಿದ್ದು ಸಾಲಲಿಲ್ಲ ಎಂದಾಯಿತು.

ನಾವು ಆರಾಮ. ಶುಕ್ರವಾರ ಕೂಸಿಗೆ ಮೈ ಬಿಸಿಯಾಗಿತ್ತು, ಡಾಕ್ಟರ ಕಡೆ ಹೋಗಿ ಬಂದರು, ಈಗ ಇಳಿದಿದೆ. ಅಂದು ಊರಿಗೆ ಊರೇ ಕಾಣದಷ್ಟು ಮಂಜು. ಆ ಮಂಜಿನಲ್ಲಿ ವಿಮಾನ ಹಾರಲಿಲ್ಲವಂತೆ. ನಿನ್ನ ಪೆಟ್ಟಿಗೆಯನ್ನು ಬಸವ ಇವತ್ತು ಮುಂಜಾನೆ ಕಳಿಸಿದನಂತೆ. ಅಂತೆ ಎನ್ನುತ್ತೇನೆ, ಅವನ ಆಫೀಸಿನ ಸಂಗತಿ ನನಗೇನು ಗೊತ್ತು?

ಕೂಸಿಗೆ ದಿನಾ ಎರೆಯುತ್ತೇನೆ. ಎಣ್ಣೆ ಹಚ್ಚಿದರೆ ನಗುತ್ತದೆ. ಫೋಟೋ ತೆಗೆಯಲು ಸ್ನೇಹಲ್‌ಗೆ ಪುರಸತ್ತಿಲ್ಲ. ದೃಷ್ಟಿ ತಾಗುತ್ತದೆ, ಬೇಡ ಬಿಡು.

ಒಂದು ಮಾತು ಸುಮ್ಮನೆ ಕೇಳುತ್ತೇನೆ. ನಮ್ಮ ಅತ್ತೆಯದೊಂದು ದಂತದ ಬಾಚಣಿಗೆ ಇತ್ತು, ನಿನಗೆ ನೆನಪಿರಲಿಕ್ಕಿಲ್ಲ. ಅಂಥ ಹಳೆಯ ದಂತಕ್ಕೆ ನೀರು ಬಿದ್ದರೆ ಏನಾದರೂ ಆಗುತ್ತದೆಯೇ? ತಣ್ಣೀರಲ್ಲ, ಉಗುರು ಬೆಚ್ಚಗಿನದು. ಅವಸರವೇನಿಲ್ಲ, ಮುಂದಿನ ಕಾಗದದಲ್ಲಿ ಬರೆ.

ಇಂತು ಆಶೀರ್ವಾದಗಳು
ನೀಲಗಂಗಾ


ಡನೀಡಿನ್
4 ಆಗಸ್ಟ್ 2014

ಕಾಕು,

ಕೂಸಿನ ಜ್ವರ ಇಳಿದದ್ದು ಕೇಳಿ ಸಮಾಧಾನವಾಯಿತು.

ಪೆಟ್ಟಿಗೆ ಮಂಗಳವಾರ ಬಂತು. ಹೊರಗಿನ ಮೊಹರು ಸರಿಯಾಗಿಯೇ ಇತ್ತು. ಒಳಗೆ ಸ್ಪಂಜಿನಲ್ಲಿ ಹಲಗೆ ಮಲಗಿತ್ತು. ನಾನೂ ನಮ್ಮ ಮೇಲಿನ ಅಧಿಕಾರಿಯೂ ದೀಪ ಹಚ್ಚಿ, ಭೂತಗನ್ನಡಿ ಹಿಡಿದು ನೋಡಿದೆವು. ತುಟಿಯ ಕೆಂಪು ಇಲ್ಲ. ಸೆರಗಿನ ನೀಲಿ ಇಲ್ಲ. ಮಡಿಕೆಗಳಲ್ಲಿ ಇದ್ದ ಹಳೆಯ ಕೊಳೆಯೂ ಇಲ್ಲ. ಕೂಸಿನ ಹೆಗಲಿನಿಂದ ತಾಯಿಯ ಮೊಣಕೈವರೆಗೆ ಹೊಸ ಬಿರುಕು, ಕೂದಲೆಳೆಯಷ್ಟು.

ನೀವು ಬಾಚಣಿಗೆಯ ಮಾತು ಕೇಳಿದ್ದಿರಿ. ಹಳೆಯ ದಂತಕ್ಕೆ ನೀರು ಆಗುವುದೇ ಇಲ್ಲ ಕಾಕು. ಕುಡಿದು ಉಬ್ಬುತ್ತದೆ, ಒಣಗುವಾಗ ಸೀಳುತ್ತದೆ. ಬೆಚ್ಚಗಿದ್ದರೆ ಇನ್ನೂ ಬೇಗ. ಮೇಲಿನ ಬಣ್ಣ ಹತ್ತಿಯ ಒಂದು ಒತ್ತಿಗೇ ಕಿತ್ತು ಬರುತ್ತದೆ.

ಬಸಣ್ಣನ ಸಹಿ ಇರುವ ಕಾಗದದಲ್ಲಿ ಶುಕ್ರವಾರ ಸಂಜೆಯಿಂದ ಸೋಮವಾರ ಮುಂಜಾನೆವರೆಗೆ ಪೆಟ್ಟಿಗೆ ಈಸ್ಟ್ ತಮಾಕಿಯ ಭದ್ರ ಕೋಣೆಯಲ್ಲಿತ್ತು ಎಂದಿದೆ. ಹೌದೇ? ಅವನನ್ನು ಕೇಳಬೇಡಿ. ನಿಮಗೆ ಗೊತ್ತಿದ್ದಷ್ಟು ನೀವೇ ಬರೆಯಿರಿ.

ಮೆಂತ್ಯ ಹಾಕಿದ ಕೊಬ್ಬರಿ ಎಣ್ಣೆಯನ್ನು ಈಗಲೂ ಕಾಸುತ್ತೀರಾ? ನೆನಪಾಯಿತು, ಕೇಳಿದೆ.

ಸಂಯುಕ್ತಾ


ಹೆಂಡರ್ಸನ್
9 ಆಗಸ್ಟ್ 2014

ಸಂಯುಕ್ತಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದಲು ಮನಸ್ಸಾಗಲಿಲ್ಲ.

ಬಸವ ಸುಳ್ಳು ಸಹಿ ಹಾಕಿದ ಅಂತಿಯೇನು? ಪೆಟ್ಟಿಗೆ ಬಿಚ್ಚಿ ಏನೋ ಕದ್ದ ಅಂತಿಯೇನು? ಶಾಲೆಯ ಭಾಷೆ ಬಿಟ್ಟು ಹೇಳತೀನಿ, ತಿಳಕೋ. ನನ್ನ ಮಗಾ ಕಳ್ಳ ಅಲ್ಲ! ಅವರಪ್ಪ ಮೂವತ್ತು ವರ್ಷ ತಾಲ್ಲೂಕು ಕಚೇರಿಯೊಳಗ ಕುಂತು ಒಂದು ಚಹಾದ ಋಣಾ ಇಟಗೊಂಡವರಲ್ಲ. ನಿಮ್ಮವ್ವ ಸತ್ತಾಗ ನೀ ಎಂಟು ವರ್ಷದಾಕಿ. ಎರಡು ಜಡಿ ಹಾಕಿ ಸಾಲಿಗೆ ಕಳಿಸಿದ್ದು ಯಾರ ಕೈ? ಇವತ್ತ ನನಗ ಕೋರ್ಟಿನ ಕಾಗದ ಬರದಂಗ ಬರೀತಿ. ಹೌದೇ ಅಂತ ಕೇಳತಿ.

ಪೆಟ್ಟಿಗೆ ನಮ್ಮ ಮನೆಗೆ ಬಂದಿಲ್ಲ. ಬರೆದು ಕೊಟ್ಟಿದ್ದೇನೆ, ಸಾಕೇ?

ಬಸವನ ವೀಸಾ ಆ ಕಂಪನಿಯ ಹೆಸರಿಗೆ ಕಟ್ಟಿದ್ದು ಎಂದು ನಿನಗೆ ಚೆನ್ನಾಗಿ ಗೊತ್ತು. ಕೆಲಸ ಹೋದರೆ ಅವನು, ಸ್ನೇಹಲ್, ಕೂಸು ಎಲ್ಲರೂ ಗಂಟು ಕಟ್ಟಬೇಕು. ಧಾರವಾಡದ ಮನೆ ಮಾರಿ ಬಂದಿದ್ದಾನೆ. ಬಂದು ನಾಲ್ಕು ವರ್ಷ ಅವನು ಪಟ್ಟ ಪಾಡು ನೀನು ಕಣ್ಣಾರೆ ಕಂಡವಳು. ನಿನ್ನ ಒಂದು ಚಿಟಿಕೆ ಬಣ್ಣಕ್ಕೆ ನಾಲ್ಕು ಜನರ ಅನ್ನ ಕಳೆಯಬೇಡ.

ಎಣ್ಣೆ ಕಾಸುವುದನ್ನು ಬಿಟ್ಟು ಬಹಳ ದಿನವಾಯಿತು.

ನೀಲಗಂಗಾ


ಡನೀಡಿನ್
15 ಆಗಸ್ಟ್ 2014

ನೀಲಾ ಕಾಕು ಅವರಿಗೆ,

ಯಾರೂ ಕದ್ದಿಲ್ಲ. ಕದ್ದರು ಎಂದು ನಾನು ಬರೆದಿರಲಿಲ್ಲ. ನನ್ನ ಕಾಗದ ನಿಮ್ಮಲ್ಲಿದ್ದರೆ ಇನ್ನೊಮ್ಮೆ ತೆಗೆದು ನೋಡಿ.

ಇಲ್ಲಿ ನಡೆದದ್ದನ್ನು ತಿಳಿಸುತ್ತೇನೆ. ವೆಲಿಂಗ್ಟನ್ನಿನಿಂದ ಬಂದ ತಜ್ಞರು ಹಲಗೆ ನೋಡಿ, ಬಣ್ಣದ ಗುರುತೇ ಇಲ್ಲ, ಇಷ್ಟು ಚೊಕ್ಕವಾಗಿರುವ ದಂತ ಹಳೆಯದೆಂದು ಹೇಗೆ ನಂಬುವುದು ಎಂದರು. ನನ್ನ ಜನವರಿಯ ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. ಹಾಗಾದರೆ ಎರಡರಲ್ಲಿ ಒಂದು ನಿಜ: ಈ ಹುಡುಗಿ ಫೋಟೋಗಳಿಗೆ ತಾನೇ ಬಣ್ಣ ಸೇರಿಸಿದ್ದಾಳೆ, ಇಲ್ಲವೇ ಇಲ್ಲಿಗೆ ಬಂದ ಮೇಲೆ ತೊಳೆದು ಕೆಡಿಸಿದ್ದಾಳೆ. ನನ್ನ ಎದುರಿಗೇ ಹೇಳಿದರು. ಹನ್ನೊಂದು ಜನರಿದ್ದ ಕೋಣೆಯಲ್ಲಿ ನಾನೊಬ್ಬಳೇ ಕಂದು ಬಣ್ಣದವಳು. ಯಾರೂ ದನಿ ಏರಿಸಲಿಲ್ಲ, ಇಲ್ಲಿ ಯಾರೂ ಏರಿಸುವುದಿಲ್ಲ. ಕುರ್ಚಿ ಹಿಂದೆ ಸರಿಸಿ, ಚಹಾ ಬೇಕೇ ಎಂದು ಕೇಳಿದರು.

ಸೆಪ್ಟೆಂಬರ್ ಹನ್ನೆರಡಕ್ಕೆ ಸಮಿತಿ ಕೂಡುತ್ತದೆ. ಅದರೊಳಗೆ ನನ್ನ ಹೇಳಿಕೆಯನ್ನು ಬರೆದು ಕೊಡಬೇಕು. ಯೆಲೆನಾ ಅಜ್ಜಿಯೂ ಕಾಗದ ಬರೆದಿದ್ದಾರೆ. ‘ನಮ್ಮ ಮನೆತನ ನಕಲಿಗೆ ಮುತ್ತು ಕೊಡುತ್ತ ಬಂದಿತೇ?’ ಎಂದು ಒಂದೇ ಸಾಲು.

ನಿಮಗೆ ಏನಾದರೂ ಬರೆಯಬೇಕೆನಿಸಿದರೆ ಬರೆಯಿರಿ.

ಸಂಯುಕ್ತಾ


ಡನೀಡಿನ್
29 ಆಗಸ್ಟ್ 2014

ಕಾಕು,

ಎರಡು ವಾರ ದಿನಾ ಅಂಚೆಪೆಟ್ಟಿಗೆಗೆ ಕೈ ಹಾಕಿದೆ. ಕರೆಂಟಿನ ಬಿಲ್ಲು, ಪಿಜ್ಜಾ ಅಂಗಡಿಯ ಕಾಗದ. ನೀವು ಬರೆಯುವುದಿಲ್ಲ ಎಂದು ಈಗ ಗೊತ್ತಾಯಿತು. ಆದ್ದರಿಂದ ನಾನು ಮುಚ್ಚಿಟ್ಟದ್ದನ್ನು ನಾನೇ ಹೇಳುತ್ತೇನೆ.

ಪೆಟ್ಟಿಗೆ ತೆರೆದ ಮೊದಲ ಕ್ಷಣದಲ್ಲೇ ನನಗೆ ಗೊತ್ತಾಗಿತ್ತು. ಮುಚ್ಚಳ ಎತ್ತಿದೊಡನೆ ಮೂಗಿಗೆ ನಿಮ್ಮ ಎಣ್ಣೆ ಬಡಿಯಿತು. ಕೊಬ್ಬರಿ ಎಣ್ಣೆ, ಮೆಂತ್ಯ, ಸ್ವಲ್ಪ ಹೊತ್ತಿದ ವಾಸನೆ. ನೀವು ಯಾವಾಗಲೂ ಮೆಂತ್ಯವನ್ನು ಒಂದು ಚೂರು ಹೆಚ್ಚೇ ಹುರಿಯುತ್ತೀರಿ. ಹತ್ತು ವರ್ಷ ಆ ವಾಸನೆಯನ್ನು ತಲೆಯಲ್ಲಿ ಹೊತ್ತು ಸಾಲಿಗೆ ಹೋದವಳು ನಾನು. ನಮ್ಮ ಅಧಿಕಾರಿ ಮೂಸಿ ನೋಡಿ ‘ಏನೋ ಹಳೆಯ ಮೇಣ ಇರಬೇಕು’ ಎಂದರು. ನಾನು ‘ಇರಬೇಕು’ ಎಂದೆ. ಅಲ್ಲಿಂದ ಶುರುವಾಯಿತು ನನ್ನ ಸುಳ್ಳು.

ಬಸಣ್ಣ ಯಾಕೆ ಪೆಟ್ಟಿಗೆ ಬಿಚ್ಚಿದ, ಕೈಗೆ ಎಣ್ಣೆ ಹೇಗೆ ಹತ್ತಿತು, ಏನು ಒರೆಸಿದ, ನನಗೆ ಬೇಡ. ಅವನನ್ನು ಹೊರಗೆ ಎಳೆದು ನಾನು ಇಲ್ಲಿ ಉಳಿದರೆ ಆ ಉಳಿಕೆ ನನಗೆ ದಕ್ಕುವುದಿಲ್ಲ. ನಾನು ಒಬ್ಬಂಟಿ. ಗಂಡ ಮಕ್ಕಳಿಲ್ಲ, ಇರುವುದು ಒಂದು ಕೋಣೆ, ಎರಡು ಚೀಲ ಪುಸ್ತಕ. ಸೆಪ್ಟೆಂಬರ್ ಹತ್ತರಂದು ಹೇಳಿಕೆ ಕೊಡುತ್ತೇನೆ: ಅವಸರದಲ್ಲಿ, ಯಾರಿಗೂ ಹೇಳದೆ, ನಾನೇ ನೀರಿನಿಂದ ತೊಳೆದೆ, ತಪ್ಪಾಯಿತು. ಕೆಲಸ ಬಿಡುತ್ತೇನೆ. ಹಲಗೆ ನಕಲು ಎಂದೇ ದಾಖಲಾಗುತ್ತದೆ, ಅದಕ್ಕೇನೂ ಮಾಡಲಾಗದು. ಬಣ್ಣ ಇನ್ನೆಲ್ಲಿಂದ ತರಲಿ?

ಸಿಟ್ಟಿದೆ ಕಾಕು, ಸುಳ್ಳು ಹೇಳುವುದಿಲ್ಲ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ನೀವು ನನ್ನನ್ನೂ ಮಗಳು ಎನ್ನುತ್ತಿದ್ದಿರಿ.

ಈ ಕಾಗದ ಹರಿದು ಹಾಕಿ.

ಸಂಯುಕ್ತಾ


ಹೆಂಡರ್ಸನ್
3 ಸೆಪ್ಟೆಂಬರ್ 2014

ಮಗಳೇ,

ನೀನು ಹೇಳಿಕೆ ಕೊಡಬೇಡ. ಮೊದಲು ಇದನ್ನು ಓದು, ಆಮೇಲೆ ಉಳಿದ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಅದು ನನ್ನದೇ ಕಥೆ. ನೀನು ಕದ್ದ ಎಂದಿರಲಿಲ್ಲ, ನಾನೇ ಅಂದುಕೊಂಡೆ. ಬಸವ ಪೆಟ್ಟಿಗೆ ಬಿಚ್ಚಲಿಲ್ಲ. ಅವನಿಗೆ ಮೊನ್ನೆವರೆಗೂ ಏನೂ ಗೊತ್ತಿರಲಿಲ್ಲ. ಬಿಚ್ಚಿದವಳು ನಾನು. ತೊಳೆದವಳು ನಾನು.

ನಿನ್ನ ಆಗಸ್ಟ್ ಹದಿನೈದರ ಕಾಗದಕ್ಕೆ ಐದು ಸಲ ಉತ್ತರ ಬರೆದೆ, ಐದೂ ಸಲ ಹರಿದೆ.

ಆ ಶುಕ್ರವಾರ ಏನಾಯಿತೆಂದರೆ, ವಿಮಾನ ಹಾರುವುದಿಲ್ಲ ಎಂದು ಗೊತ್ತಾದ ಮೇಲೆ ಬಸವ ಪೆಟ್ಟಿಗೆಯನ್ನು ಈಸ್ಟ್ ತಮಾಕಿಗೆ ತಿರುಗಿ ಒಯ್ಯಬೇಕಿತ್ತು. ಅಷ್ಟರಲ್ಲಿ ಕೂಸಿಗೆ ಜ್ವರ ಎಂದು ಸ್ನೇಹಲ್ ಫೋನ್ ಮಾಡಿದಳು. ಇವನು ಕಂಪನಿಯ ಯೂಟ್ ಎಂಬ ಸಣ್ಣ ಸಾಮಾನು ಗಾಡಿಯನ್ನು ಸೀದಾ ಮನೆಗೆ ತಂದ. ಗಾಡಿಯಲ್ಲಿ ಬಿಡಬಾರದೆಂದು ಪೆಟ್ಟಿಗೆಯನ್ನು ನನ್ನ ಕೋಣೆಯಲ್ಲಿಟ್ಟು, ‘ಅವ್ವಾ, ಮುಟ್ಟಬ್ಯಾಡ, ಒಳಗ ಚರ್ಚಿನ ದೇವರು ಅದಾರ’ ಎಂದು ಕೈಸನ್ನೆ ಮಾಡಿ ಹೇಳಿದ. ಕೂಸನ್ನು ಎತ್ತಿಕೊಂಡು ಇಬ್ಬರೂ ಡಾಕ್ಟರ ಕಡೆ ಹೋದರು. ಮಧ್ಯಾಹ್ನ ಮೂರು ಗಂಟೆ. ನಾನು, ಆ ಪೆಟ್ಟಿಗೆ, ಹೊರಗೆ ಮಂಜು. ಮೊಹರು ಬೀಳುವುದು ಏರ್‌ಪೋರ್ಟಿನಲ್ಲಂತೆ. ಆಗ ಬರೀ ಎರಡು ಚಿಲಕ.

ಮನೆಯಲ್ಲಿ ಕೂಸಿಗೆ ಜ್ವರ, ಕೋಣೆಯಲ್ಲಿ ಒಂದು ದೇವರು ದೀಪವಿಲ್ಲದೆ ಪ್ಲಾಸ್ಟಿಕ್ಕಿನಲ್ಲಿ ಕೂತಿದೆ. ತಡೆಯಲಾಗಲಿಲ್ಲ, ತೆರೆದೆ. ಕೊರಳಲ್ಲಿ ಲಿಂಗ ಇರುವವಳು ಬೇರೆ ಮೂರ್ತಿಗೆ ಕೈ ಮುಗಿಯಬಾರದು ಎಂದು ಊರಿಗೆಲ್ಲ ಹೇಳಿದವಳು ನಾನು. ಕೈ ಮುಗಿಯಲಿಲ್ಲ. ದೀಪ ಹಚ್ಚಿ ಮುಚ್ಚಬೇಕೆಂದೇ ಇದ್ದೆ. ಆದರೆ ಆ ತಾಯಿಯ ತೊಡೆಯ ಮೇಲಿನ ಕೂಸು, ಮೂಗು ಸವೆದು, ಕೊರಳ ಸಂದಿಯಲ್ಲಿ, ಕಂಕುಳಲ್ಲಿ ಕೊಳೆ ಕೂತು... ಯಾರೂ ಎರೆಯದ ಕೂಸಿಗೆ ಅಲ್ಲೇ ಕೊಳೆ ಕೂರುವುದು.

ನಿನಗೆ ಇನ್ನೊಂದು ಸುಳ್ಳು ಬರೆದಿದ್ದೆ. ಇಲ್ಲಿಗೆ ಬಂದ ಮೇಲೆ ಒಂದು ದಿನವೂ ನಾನು ಮೊಮ್ಮಗಳಿಗೆ ಎರೆದಿಲ್ಲ. ಮನೆಗೆ ಬರುವ ನರ್ಸ್ ಹೇಳಿದಳಂತೆ, ಎಣ್ಣೆ ಬೇಡ, ಕಾಲ ಮೇಲೆ ಮಲಗಿಸಬೇಡಿ, ವಾರಕ್ಕೆ ಎರಡು ಸಲ ಟಬ್ಬಿನಲ್ಲಿ ಅದ್ದಿದರೆ ಸಾಕು. ಸ್ನೇಹಲ್ ಗೌರವದಿಂದಲೇ ಹೇಳಿದಳು, ‘ಅತ್ತಿ, ಇಲ್ಲಿ ಹಂಗಿಲ್ರಿ’ ಅಂತ. ನಾನು ಹೂಂ ಅಂದೆ. ನಮ್ಮ ಯಜಮಾನರ ಹಳೆಯ ಧೋತರ ಹರಿದು, ಒಗೆದು, ಮೆತ್ತಗೆ ಮಾಡಿ, ಇಪ್ಪತ್ತು ಅರಿವೆ ತಂದಿದ್ದೆ ಕೂಸಿಗೆಂದು. ಟ್ರಂಕಿನಿಂದ ಒಂದೂ ಹೊರಗೆ ಬರಲಿಲ್ಲ. ಸಮುದ್ರ ದಾಟಿ ಬಂದು, ಕೈ ಕಟ್ಟಿಕೊಂಡು, ಸೊಸೆ ಟಬ್ಬಿನಲ್ಲಿ ಕೂಸನ್ನು ಅದ್ದುವುದನ್ನು ಬಾಗಿಲಲ್ಲಿ ನಿಂತು ನೋಡುವುದು. ಹೊಟ್ಟೆ ಉರಿಯುತ್ತಿತ್ತು ಸಂಯು. ಯಾರ ಮುಂದೆ ಹೇಳಲಿ?

ಅದಕ್ಕೇ ಆ ದಂತದ ಕೂಸಿಗೆ ಎರೆದೆ. ಎಣ್ಣೆ ಕಾಸಿ, ಬೆರಳ ತುದಿಯಿಂದ ತಿಕ್ಕಿ, ಉಗುರು ಬೆಚ್ಚಗಿನ ನೀರು ಹಾಕಿ, ಧೋತರದ ಅರಿವೆಯಿಂದ ಒರೆಸಿದೆ. ಅರಿವೆಗೆ ಕೆಂಪು ಹತ್ತಿತು, ನೀಲಿ ಹತ್ತಿತು. ನಿನ್ನ ಕಾಗದ ಅವತ್ತೇ ಅಂಚೆಗೆ ಬಂದಿತ್ತು, ಓದಿದ್ದು ಸಂಜೆ. ಓದಿದಾಗಲೇ ನಾನು ಏನು ತೊಳೆದೆನೆಂದು ಗೊತ್ತಾದದ್ದು. ಪೆಟ್ಟಿಗೆ ಸೋಮವಾರ ಮುಂಜಾನೆವರೆಗೆ ನನ್ನ ಕೋಣೆಯಲ್ಲೇ ಇತ್ತು.

ನೀನು ಕೇಳಿದೆ, ಬಣ್ಣ ಎಲ್ಲಿಂದ ತರಲಿ ಅಂತ. ದೇವರ ಮೈ ಒರೆಸಿದ ಅರಿವೆಯನ್ನು ಯಾರಾದರೂ ಕಸದ ಡಬ್ಬಿಗೆ ಹಾಕುತ್ತಾರೇನು? ಕಾಲಿಗೆ ತಾಗಬಾರದೆಂದು ನೆರಳಲ್ಲಿ ಒಣಗಿಸಿ, ಮಡಿಸಿ, ಒಂದು ಹೊಸ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಟ್ರಂಕಿನ ತಳಕ್ಕೆ ಸೇರಿಸಿದ್ದೆ. ಒಗೆದಿಲ್ಲ. ಕುಂಕುಮ, ವಿಭೂತಿ ಏನೂ ಮುಟ್ಟಿಸಿಲ್ಲ, ಅವರ ಪದ್ಧತಿ ನನಗೆ ಗೊತ್ತಿರಲಿಲ್ಲ. ಇದರ ಜೊತೆ ಕಳಿಸಿದ್ದೇನೆ. ನಿನ್ನ ಕೆಂಪು ಅದರಲ್ಲಿದೆ.

ಒಂದು ತಿಂಗಳಿನಿಂದ ಇದು ನನ್ನ ಹತ್ತಿರವೇ ಇತ್ತು. ಕೊಟ್ಟರೆ ಮಗನ ಅನ್ನ ಹೋಗುತ್ತದೆ, ಕೊಡದಿದ್ದರೆ ನಿನ್ನದು. ನಾನು ಮಗನನ್ನು ಆರಿಸಿಕೊಂಡಿದ್ದೆ. ಅದನ್ನೂ ಬರೆದಿಡುತ್ತೇನೆ. ನೀನು ಅವನನ್ನು ಉಳಿಸಲು ನಿನ್ನ ಕುತ್ತಿಗೆ ಕೊಡುತ್ತೇನೆ ಎಂದು ಬರೆದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಸೋಮವಾರ ಬಸವನನ್ನು ಕೂಡಿಸಿಕೊಂಡು ಹೇಳಿದೆ. ಅಡಿಗೆಮನೆಯ ಮೆಟ್ಟಿಲ ಮೇಲೆ ಕೂತ. ‘ಸುಳ್ಳು ಸಹಿ ಹಾಕಿದ್ದು ನಾನ ಅಲ್ಲೇನವಾ’ ಎಂದ.

ನಿನ್ನೆ ಇಬ್ಬರೂ ಯೆಲೆನಾ ಅಜ್ಜಿಯ ಮನೆಗೆ ಹೋದೆವು. ನಾನು ಕನ್ನಡದಲ್ಲಿ ಹೇಳಿದೆ, ಬಸವ ಇಂಗ್ಲಿಷಿನಲ್ಲಿ ಹೇಳಿದ, ಆಕೆಯ ಮಾತನ್ನು ಕಾಗದದ ಮೇಲೆ ಬರೆದು ನನಗೆ ತೋರಿಸಿದ. ಆಕೆಗೆ ಎಂಬತ್ತರ ಮೇಲೆ. ಮುಖ ಕೆಂಪಾಯಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಬೈಯುತ್ತಾಳೆ, ಬೈಯಲಿ, ಬೈದರೆ ಹಗುರಾಗುತ್ತೇನೆ ಎಂದು ಕಾದೆ. ಬೈಯಲಿಲ್ಲ. ತಿರುಗಿ ಒಂದೇ ಮಾತು ಕೇಳಿದಳು. ಬಸವ ಬರೆದು ತೋರಿಸಿದ: ‘ನೀರು ಬೆಚ್ಚಗಿತ್ತೇ?’

ನಾನು ಮೊಣಕೈ ಮುಟ್ಟಿ ತೋರಿಸಿದೆ, ಮೊಣಕೈಯಿಂದ ನೋಡಿಯೇ ಹಾಕಿದ್ದೆ ಅಂತ. ಆಕೆ ತಲೆ ಆಡಿಸಿದಳು. ಆದರೆ ಕ್ಷಮಿಸಿದೆ ಎನ್ನಲಿಲ್ಲ. ಹಲಗೆ ತನ್ನದಲ್ಲ, ಚರ್ಚಿನದು, ಎಲ್ಲರಿಗೂ ಹೇಳಲೇಬೇಕು ಎಂದಳು. ಹೇಳಿ ಎಂದೆ. ನೀನೂ ಹೇಳು.

ನಿನ್ನ ಕಾಗದ ಹರಿದಿಲ್ಲ.

ಕಾಕು


ಡನೀಡಿನ್
16 ಸೆಪ್ಟೆಂಬರ್ 2014

ಕಾಕು,

ಅರಿವೆ ಮುಟ್ಟಿತು. ಲಕೋಟೆ ಒಡೆದು, ನಿಮ್ಮ ಕಾಗದ ಓದಿ, ಪ್ರಯೋಗಶಾಲೆಯ ನೆಲದ ಮೇಲೆ ಕೂತು ಅತ್ತೆ. ಸಿಟ್ಟಿಗೋ ಸಮಾಧಾನಕ್ಕೋ ಗೊತ್ತಿಲ್ಲ. ಆಮೇಲೆ ಎದ್ದು ಕೈಗವಸು ಹಾಕಿಕೊಂಡೆ.

ಕೆಂಪು ಇಂಗಳೀಕ ಎಂಬ ಹಳೆಯ ಕಾಲದ ಖನಿಜದ್ದು. ನೀಲಿ, ಬೆಲೆಬಾಳುವ ಕಲ್ಲನ್ನು ಅರೆದು ಮಾಡಿದ್ದು. ನಕಲು ಮಾಡುವವರು ಹಾಕುವ ಕಾರ್ಖಾನೆಯ ನೀಲಿಯಲ್ಲ. ನೂಲಿನಲ್ಲಿ ಸಿಕ್ಕ ಒಂದು ಚೂರು, ಜನವರಿಯ ಫೋಟೋದ ಮಡಿಕೆಯಲ್ಲಿ ಕಂಡ ಚೂರಿಗೆ ಅಂಚಿಗೆ ಅಂಚು ಹೊಂದಿತು. ಹಲಗೆ ಹಳೆಯದೇ ಎಂದು ಸಮಿತಿ ಒಪ್ಪಿದೆ. ಯೆಲೆನಾ ಅಜ್ಜಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರ ಮನೆತನ ಮುತ್ತು ಕೊಟ್ಟದ್ದು ನಕಲಿಗಲ್ಲ. ಆದರೆ ಬಣ್ಣ ಇನ್ನು ಹಲಗೆಯ ಮೇಲಿಲ್ಲ, ಅರಿವೆಯ ಮೇಲಿದೆ. ಅದನ್ನು ಯಾರೂ ತಿರುಗಿ ಅಂಟಿಸಲಾರರು. ಬಿರುಕೂ ಹಾಗೇ ಇರುತ್ತದೆ.

ವಾಸನೆ ಗೊತ್ತಿದ್ದೂ ಒಂದೂವರೆ ತಿಂಗಳು ಹೇಳಲಿಲ್ಲವೆಂದು ನನಗೆ ಎಚ್ಚರಿಕೆಯ ಪತ್ರ ಕೊಟ್ಟಿದ್ದಾರೆ. ಕೆಲಸ ಇನ್ನೊಂದು ವರ್ಷ, ಕಾಯಂ ಇಲ್ಲ. ಅದು ನ್ಯಾಯವೇ. ನಾನು ನಿಮ್ಮ ಮಗನ ಮೇಲೆ ಅನುಮಾನಪಟ್ಟೆ, ನಿಮ್ಮ ಮೇಲೆ ಪಡಲಿಲ್ಲ. ನಿಮಗೆ ಎರೆಯಲು ಕೂಸಿದೆ ಎಂದು ನಾನು ನಂಬಿದ್ದೆ.

ವರದಿಯಲ್ಲಿ ‘ವಸ್ತುವಿಗೆ ಹಿಂದೆ ಆದ ಉಪಚಾರಗಳು’ ಎಂದು ಒಂದು ಜಾಗವಿದೆ. ಅಲ್ಲಿ ಹೀಗೆ ಬರೆದೆ: 25 ಜುಲೈ 2014, ಹೆಂಡರ್ಸನ್. ಧಾರವಾಡದ ನೀಲಗಂಗಾ ಅವರು ಎಣ್ಣೆ ಹಚ್ಚಿ, ಬೆಚ್ಚಗಿನ ನೀರಿನಲ್ಲಿ ಕೂಸಿಗೆ ಎರೆದರು. ‘ಕೂಸು’ ಬೇಡ, ‘ವಸ್ತು’ ಎಂದು ಬರೆಯಿರಿ ಎಂದರು ನಮ್ಮ ಅಧಿಕಾರಿ. ನಾನು ಬದಲಾಯಿಸಲಿಲ್ಲ.

ಬಸಣ್ಣನದು ಏನಾಯಿತು? ನಾನು ಕೇಳಲು ಹೆದರಿ ಕೊನೆಗೆ ಬರೆಯುತ್ತಿದ್ದೇನೆ.

ನಿಮ್ಮ
ಸಂಯುಕ್ತಾ


ಹೆಂಡರ್ಸನ್
30 ಸೆಪ್ಟೆಂಬರ್ 2014

ನನ್ನ ಸಂಯುಗೆ,

ಬಸವನ ಕೆಲಸ ಹೋಯಿತು. ಸುಳ್ಳು ಸಹಿ ಎಂದು ಕಾಗದ ಕೊಟ್ಟು, ಅವತ್ತೇ ಯೂಟಿನ ಕೀಲಿ ಇಸಿದುಕೊಂಡರು. ಬೇರೆ ಕಂಪನಿಗಳಿಗೆ ಅಲೆದ. ಇಂಥ ಕಾಗದ ಇರುವವನಿಗೆ ವೀಸಾಕ್ಕೆ ಯಾರು ಹೆಸರು ಕೊಡುತ್ತಾರೆ? ಅಕ್ಟೋಬರ್ ಹದಿನೆಂಟಕ್ಕೆ ನಾಲ್ಕೂ ಜನರ ಟಿಕೆಟ್ ಆಗಿದೆ. ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ನೋಡಲು ಅವನ ಗೆಳೆಯ ಲಿಂಗರಾಜನಿಗೆ ಹೇಳಿದ್ದಾನೆ. ನನ್ನ ಮೇಲೆ ಒಂದು ಮಾತು ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನೀನು ಬೇಸರ ಮಾಡಿಕೊಳ್ಳಬೇಡ, ಇದು ನನ್ನ ಕೈಯ ಕೆಲಸ. ಮಾಡಿದ್ದುಣ್ಣೋ ಮಾರಾಯ ಅಂತಾರೆ. ಆದರೆ ಮಾಡಿದವಳು ನಾನು, ಉಣ್ಣುವವನು ಅವನು.

ಸ್ನೇಹಲ್ ಮೂರು ವಾರ ನನ್ನ ಜೊತೆ ಮಾತಾಡಿರಲಿಲ್ಲ. ತಾಟು ಹಾಕುವಳು, ಹೋಗುವಳು. ಸಾಮಾನು ಕಟ್ಟುವಾಗ ನನ್ನ ಟ್ರಂಕನ್ನು ಆಕೆಯೇ ತೆಗೆದಳು. ಧೋತರದ ಅರಿವೆ ಹತ್ತೊಂಬತ್ತು ಇದ್ದವು. ಒಂದೊಂದೇ ಬಿಚ್ಚಿ ನೋಡಿ, ಮತ್ತೆ ಮಡಿಸಿ, ಎದ್ದು ಹೋದಳು.

ಮೊನ್ನೆ ರವಿವಾರ ಮುಂಜಾನೆ ಕೂಸನ್ನು ಎತ್ತಿಕೊಂಡು ನನ್ನ ಕೋಣೆಗೆ ಬಂದಳು. ಕೂಸಿನ ಮೈಮೇಲೆ ಅರಿವೆ ಇರಲಿಲ್ಲ. ನನ್ನ ಕಿವಿಗೆ ಬಗ್ಗಿ ಜೋರಾಗಿ, ‘ಅತ್ತಿ, ಕಾಲ ಚಾಚಿ ಕೂಡ್ರಿ’ ಎಂದಳು.

ಬಚ್ಚಲಿನಲ್ಲಿ ಕೂತೆ. ಕಾಲ ಮೇಲೆ ಮಲಗಿಸಿದಳು. ನಾಲ್ಕು ತಿಂಗಳಿನ ಕೂಸು, ಭಾರ ಅಂದರೆ ಭಾರ! ಎಣ್ಣೆ ಹಚ್ಚಿದೆ. ಕೊರಳ ಸಂದಿ ನೋಡಿದೆ, ಕಂಕುಳ ನೋಡಿದೆ. ಸ್ವಚ್ಛವಾಗಿತ್ತು. ಸೊಸೆ ಚೆನ್ನಾಗಿಯೇ ನೋಡಿಕೊಂಡಿದ್ದಾಳೆ, ನಾನೇ ನೋಡಿರಲಿಲ್ಲ. ಬಿಸಿನೀರಿನ ಚರಿಗೆ ಹಿಡಿದು ಸ್ನೇಹಲ್ ನಿಂತಿದ್ದಳು. ಎಷ್ಟು ಬೆಚ್ಚಗಿರಬೇಕು ಎಂದು ಕೈಸನ್ನೆಯಲ್ಲೇ ಕೇಳಿದಳು. ಆಕೆಯ ಮೊಣಕೈ ಹಿಡಿದು ನೀರಿಗೆ ಮುಟ್ಟಿಸಿ ತೋರಿಸಿದೆ.

ಹದಿನೆಂಟರ ತನಕ ದಿನಾ ಎರೆಯುತ್ತೇನೆ. ಹೋಗುವ ಮೊದಲು ಒಮ್ಮೆ ಬಾ. ಕೂಸಿನ ಮುಖ ನೋಡು, ನಿನ್ನ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕುತ್ತೇನೆ. ಮೆಂತ್ಯ ಈ ಸಲ ಹದವಾಗಿ ಹುರಿದಿದ್ದೇನೆ.

ನಿನ್ನ
ಕಾಕು